ಅಕ್ಕನ ಉಗುರಿಗೆ ಹಚ್ಚಿದ್ದು

ನಾನು ಚಿಕ್ಕವನಿದ್ದಾಗ ನಿಪ್ಪಾಣಿಯ ನಮ್ಮ ಓಣಿಯಲ್ಲಿ ಮನೆಮನೆಯಲ್ಲೂ ಬೀಡಿ ಕಟ್ಟುತ್ತಿದ್ದರು. ಹಾಸಿಗೆಗೂ ರೊಟ್ಟಿಗೂ ತಂಬಾಕಿನ ಘಾಟು ಹತ್ತಿರುತ್ತಿತ್ತು. ಅವ್ವನ ಪಕ್ಕದಲ್ಲಿ ಮೊರ ಇಟ್ಟುಕೊಂಡು ಅಕ್ಕನೂ ಕಟ್ಟುತ್ತಿದ್ದಳು. ಅವಳಿಗೆ ಉಗುರು ಕಚ್ಚುವ ಚಟ. ಕೈ ಒಂದು ಗಳಿಗೆ ಬಿಡುವಾದರೆ ಸಾಕು, ಬೆರಳು ಬಾಯಿಗೆ ಹೋಗುತ್ತಿತ್ತು. ತಂಬಾಕು ಹೊಟ್ಟೆ ಸೇರಿ ತಲೆ ತಿರುಗಿ ವಾಂತಿ ಮಾಡಿಕೊಳ್ಳುತ್ತಿದ್ದಳು. ಬೆರಳ ತುದಿ ಬಾತು ಕೀವಾಗುತ್ತಿತ್ತು.

ಒಂದು ಮಧ್ಯಾಹ್ನ ಅವ್ವ ರೇಗಿದಳು. “ಬೀಡಿ ತುದಿ ಮಡಚಾಕ ಒಂದ ಉಗುರರ ಉಳಿಸಿಯೇನ ಬೇ? ಎಲ್ಲಾ ತಿಂದ ಕುಂತಿ! ರೊಟ್ಟಿ ಬ್ಯಾಡೇನ ನಿನಗ?” ನನ್ನ ಕಡೆ ತಿರುಗಿ, “ಲೇ, ಬೇವಿನ ಎಲಿ ತಂದು ಅರದು ಇಕಿ ಬೆರಳಿಗೆ ಹಚ್ಚು” ಎಂದು ಹೇಳಿ, ಕಟ್ಟಿದ ಬೀಡಿ ಕೊಟ್ಟುಬರಲು ಹೋದಳು.

ಬೇವಿನ ಮರ ಬಾವಿಯ ಆಚೆ ಇತ್ತು. ಬಿಸಿಲಿಗೆ ನೆಲ ಕಾದಿತ್ತು, ನನ್ನ ಕಾಲಲ್ಲಿ ಚಪ್ಪಲಿ ಇರಲಿಲ್ಲ. ಹಿತ್ತಲ ಗೋಡೆಗೆ ಎಕ್ಕೆಯ ಗಿಡ ಬೆಳೆದಿತ್ತು. ಅದರ ಹಾಲೂ ಕಹಿಯೇ ಎಂದು ಕೇಳಿದ್ದೆ. ಟೊಂಗೆ ಮುರಿದು ಕರಟದಲ್ಲಿ ಹಾಲು ಹಿಡಿದು ತಂದೆ.

“ಬೇವು ಹಸರ ಇರತೈತಲ್ಲೋ ತಮ್ಮಾ?” ಅಕ್ಕ ನಗುತ್ತಾ ಹತ್ತೂ ಬೆರಳು ಚಾಚಿದಳು.

“ಬೇವಿಂದ ಹಾಲ ಇದು. ಸುಮ್ಮ ಕುಂಡ್ರು.”

ನಂಬಿದಳು. ಮತ್ತೆ ಬೀಡಿ ಕಟ್ಟಲು ಕುಳಿತಾಗ ಧೂಳು ಬಿದ್ದಿತೆಂದು ಎಡಗಣ್ಣು ಉಜ್ಜಿಕೊಂಡಳು. ಸಂಜೆಯ ಹೊತ್ತಿಗೆ ಕಣ್ಣು ಕೆಂಪಾಗಿ ಬಾತಿತ್ತು. “ಎಲ್ಲಾ ಮಂಜ ಮಂಜ ಕಾಣಾಕತ್ತೈತಿ” ಎಂದಳು.

ಮರುದಿನ ಆಸ್ಪತ್ರೆಯಲ್ಲಿ ಡಾಕ್ಟರು, “ಕಣ್ಣಿಗೆ ಏನಾದರೂ ತಾಗಿತ್ತೇನು?” ಎಂದು ಕೇಳಿದರು.

“ತಂಬಾಕಿನ ಧೂಳ್ರಿ” ಎಂದಳು ಅವ್ವ.

ನಾನು ಅವ್ವನ ಸೆರಗು ಹಿಡಿದು ಅಲ್ಲಿಯೇ ನಿಂತಿದ್ದೆ. ಬಾಯಿ ಬಿಡಲಿಲ್ಲ. ಅಕ್ಕನ ಆ ಕಣ್ಣು ಮತ್ತೆ ತಿಳಿಯಾಗಲಿಲ್ಲ.

ಮಕ್ಕಳೇ, ಈಗ ನಮ್ಮ ಮನೆಯಲ್ಲಿ ತಂಬಾಕಿಲ್ಲ. ನಿಮ್ಮ ಕೈಯಲ್ಲಿ ಮೊರವಿಲ್ಲ, ಮೊಬೈಲ್ ಇದೆ. ಅದನ್ನು ನೋಡುತ್ತಾ ನೀವೂ ಉಗುರು ಕಚ್ಚುತ್ತೀರಿ. ನಿನ್ನೆ ನಿಮ್ಮ ಅವ್ವ ಮೆಡಿಕಲ್ ಅಂಗಡಿಯಿಂದ ಕಹಿ ಔಷಧಿಯ ಪುಟ್ಟ ಬಾಟಲಿ ತಂದಳು. ‘ಕಣ್ಣಿಗೆ ತಾಗಿಸಬಾರದು’ ಎಂದು ಅದರ ಮೇಲೆ ಬರೆದದ್ದನ್ನು ನೀವೇ ಓದಿ ಹೇಳಿದಿರಿ. ಕಟ್ಟೆಯ ಮೇಲೆ ಕುಳಿತಿದ್ದ ಅಕ್ಕ ನಕ್ಕಳು. “ಅಂಗಡೀದ ಯಾಕ ಬೇಕು? ನನ್ನ ತಮ್ಮ ಬೇವು ಹಚ್ಚಿ ನನ್ನ ಚಟ ಬಿಡಿಸಿದ್ದ” ಎಂದಳು.

ನಿನ್ನೆಯೂ ನಾನು ಸುಮ್ಮನಿದ್ದೆ.

ಅದು ಬೇವಲ್ಲ, ಮಕ್ಕಳೇ. ಅಕ್ಕನಿಗೆ ಓದಲು ಬರುವುದಿಲ್ಲ. ನನಗೆ ಹೇಳಲು ಬಾಯಿ ಬರುವುದಿಲ್ಲ. ಅದಕ್ಕೇ ಇದನ್ನು ಬರೆದಿಟ್ಟಿದ್ದೇನೆ. ಅವಳ ಪಕ್ಕದಲ್ಲಿ ಕುಳಿತು ನೀವೇ ಓದಿ ಹೇಳಿ. ನಾನು ಬಾಗಿಲಲ್ಲೇ ನಿಂತಿರುತ್ತೇನೆ.