ಪಡಸಾಲೆಯ ಮಗ್ಗ ತೆಗೆದ ವಾರ

ಅಕ್ಕನನ್ನು ನೋಡಲು ಮುಧೋಳದಿಂದ ಸೋಮವಾರ ಮಂದಿ ಬರುತ್ತಾರೆಂದು ಅಪ್ಪ ಸಂತೆಯಿಂದ ಸುದ್ದಿ ತಂದ. ಅವ್ವ ಪಡಸಾಲೆಯ ಮಗ್ಗದ ಕಡೆ ನೋಡಿದಳು. ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದ ವೈನಿಯ ಕೈಯೂ ಅರೆಗಳಿಗೆ ನಿಂತಿತು.

ಬನಹಟ್ಟಿಯಲ್ಲಿ ನಮ್ಮದು ನೇಕಾರರ ಓಣಿಯ ಸಣ್ಣ ಮನೆ. ಆಗಿನ್ನೂ ಸಂಸ್ಥಾನ ಹೋಗಿ ಮುಂಬಯಿ ಸರಕಾರ ಬಂದ ಹೊಸದು. ಮನೆಯೊಳಗೆ ಎರಡು ಕುಣಿಮಗ್ಗ. ಅಪ್ಪನದು ಹಿತ್ತಲ ಕಡೆಯ ಕೋಣೆಯಲ್ಲಿತ್ತು. ಪಡಸಾಲೆಯಲ್ಲಿದ್ದದ್ದು ಅಣ್ಣನದು. ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲು ಇಳಿಬಿಟ್ಟು ಕೂತು ಅವನು ನೇಯುತ್ತಿದ್ದರೆ, ಹೊರಗಿನಿಂದ ಬಂದವರಿಗೆ ಅವನ ಸೊಂಟದ ಮೇಲಿನ ಭಾಗವಷ್ಟೇ ಕಾಣುತ್ತಿತ್ತು. ದೀಪಾವಳಿ ಮುಗಿದ ಮೇಲೆ ವಿಷಮಜ್ವರ ಬಂದು ಅಣ್ಣ ತೀರಿಕೊಂಡ. ವೈನಿಯನ್ನು ಮದುವೆಯಾಗಿ ಎರಡು ವರ್ಷವೂ ತುಂಬಿರಲಿಲ್ಲ. ಅವನು ಅರ್ಧ ನೇಯ್ದು ಬಿಟ್ಟ ಸೀರೆ ಮಗ್ಗದ ಮೇಲೆ ಹಾಗೇ ಇತ್ತು. ಅವ್ವ ಅದರ ಮೇಲೆ ಅವನದೇ ಒಂದು ಹಳೆಯ ಧೋತರ ಹೊದಿಸಿದ್ದಳು. ಕಸ ಹೊಡೆಯುವಾಗ ನಾವು ಅದರ ಸುತ್ತ ಹೊಡೆಯುತ್ತಿದ್ದೆವೇ ಹೊರತು ಯಾರೂ ಮುಟ್ಟುತ್ತಿರಲಿಲ್ಲ. ಆಗ ನಾನು ಸಾಲಿಗೆ ಹೋಗುತ್ತಿದ್ದ ಹುಡುಗಿ. ಆ ಧೋತರದ ಕೆಳಗೆ ಅಣ್ಣ ಮಲಗಿದ್ದಾನೇನೋ ಎಂದು ಒಮ್ಮೊಮ್ಮೆ ಅನಿಸುತ್ತಿತ್ತು.

ಆ ಮಗ್ಗವಿರುವಾಗ ಪಡಸಾಲೆಯಲ್ಲಿ ನಾಲ್ಕು ಮಂದಿ ಕೂರಲು ಜಾಗವಿರಲಿಲ್ಲ. ಉಣ್ಣುವಾಗ ಅವ್ವ ಮಾತು ತೆಗೆದಳು. “ಬಂದವರನ್ನ ಬಾಜೂ ಮನ್ಯಾಗ ಕುಂಡ್ರಸೂಣು. ಅವರ ಪಡಸಾಲಿ ದೊಡ್ಡದೈತಿ.”

ಅಪ್ಪ ತಟ್ಟೆಯಿಂದ ಕಣ್ಣೆತ್ತಲಿಲ್ಲ. “ಹೆಣ್ಣ ನಮ್ಮದು, ಮನಿ ಮತ್ತೊಬ್ಬರದು. ಏನಂದಾರು?”

ಸಾರು ಬಡಿಸುತ್ತಿದ್ದ ವೈನಿ ಪಾತ್ರೆ ಕೆಳಗಿಟ್ಟಳು. ಅಣ್ಣ ಸತ್ತ ಮೇಲೆ ಅದುವರೆಗೆ ಅವಳು ಅಪ್ಪನೆದುರು ತಾನಾಗಿ ಮಾತಾಡಿದ್ದು ನನಗೆ ನೆನಪಿಲ್ಲ.

“ಮಗ್ಗ ತಗೀರಿ ಮಾವಾರ,” ಅಂದಳು. “ಆದರ ಸೀರಿ ಕೊಯ್ಯಬ್ಯಾಡ್ರಿ. ಪೂರಾ ನೇದು ಇಳಸ್ರಿ. ಕಂಡಿಕಿ ನಾ ಸುತ್ತಿ ಕೊಡತೇನಿ.”

ಅವ್ವ ಎದ್ದು ಹಿತ್ತಲಿಗೆ ಹೋದಳು. ಅಪ್ಪ ಉಂಡು ಮುಗಿಸಿ ಕೈ ತೊಳೆದು ಬಹಳ ಹೊತ್ತು ಕಟ್ಟೆಯ ಮೇಲೆ ಕೂತಿದ್ದ.

ಮರುದಿನ ಬೆಳಿಗ್ಗೆ ಅವನೇ ಧೋತರ ತೆಗೆದು ಮಡಚಿಟ್ಟ. ಉದ್ದಕ್ಕೆ ಬಿಗಿದ ಹಾಸಿನ ಎಳೆಗಳ ಮೇಲೆ ಧೂಳು ಕೂತಿತ್ತು. ಅಲ್ಲಲ್ಲಿ ಇಲಿ ಕಡಿದ ಎಳೆಗಳನ್ನು ಒದ್ದೆ ಬೆರಳಿನಿಂದ ಹೊಸೆದು ಕೂಡಿಸುವುದರಲ್ಲೇ ಮಧ್ಯಾಹ್ನವಾಯಿತು. ಆಮೇಲೆ ಮಗನ ಕುಣಿಗೆ ಇಳಿದು ಕೂತ. ಅಣ್ಣ ಎತ್ತರದವನು. ಅಪ್ಪನ ಕಾಲು ತುಳಿಮಣೆಗೆ ನೆಟ್ಟಗೆ ತಾಗಲಿಲ್ಲ, ಮಣೆಯ ಮೇಲೆ ಕಟ್ಟಿಗೆಯ ತುಂಡು ಕಟ್ಟಿಕೊಂಡ. ಮೊದಲ ಸಲ ಲಾಳಿ ಓಡಿದ ಸದ್ದಿಗೆ ಹಿತ್ತಲಲ್ಲಿದ್ದ ಅವ್ವ ಸೆರಗು ಬಾಯಿಗೆ ಒತ್ತಿಕೊಂಡಳು. ವೈನಿ ಗೋಡೆಗೆ ಬೆನ್ನು ಕೊಟ್ಟು ರಾಟಿ ತಿರುವುತ್ತಿದ್ದಳು. ಲಾಳಿಗೆ ಹಾಕುವ ನೂಲಿನ ಕಂಡಿಕೆ ತುಂಬಿದಂತೆ ಎದ್ದು ಬಂದು ಅಪ್ಪನ ಕೈಗೆ ಕೊಡುತ್ತಿದ್ದಳು, ಅವನು ತಲೆ ಎತ್ತದೆ ಈಸಿಕೊಳ್ಳುತ್ತಿದ್ದ.

ಸೀರೆ ಇಳಿದ ದಿನ ಅಪ್ಪ ಅದನ್ನು ಬಾಗಿಲ ಬೆಳಕಿಗೆ ಹಿಡಿದ. ಅಣ್ಣನ ಕೈ ನಿಂತು ಅಪ್ಪನ ಕೈ ಶುರುವಾದಲ್ಲಿ ಅಡ್ಡಕ್ಕೆ ಒಂದು ಗೆರೆ ಕಾಣುತ್ತಿತ್ತು. ಅಣ್ಣನ ನೇಯ್ಗೆ ಬಿಗಿ, ಅಪ್ಪನದು ತುಸು ಸಡಿಲ. ವೈನಿ ಹತ್ತಿರ ಬಂದು ಬಿಗಿಯಾಗಿದ್ದ ಭಾಗದ ಮೇಲೆ ಅಂಗೈ ಇಟ್ಟು ನಿಂತಳು. “ಇದನ್ನ ನೀ ಇಟ್ಕೋತಿಯೇನವಾ?” ಎಂದು ಅಪ್ಪ ಕೇಳಿದ.

“ಬ್ಯಾಡ್ರಿ. ಯಾರರ ಉಡಲಿ,” ಅಂದಳು.

ಎಲ್ಲ ಸೀರೆಗಳ ಹಾಗೆ ಅದೂ ಸಾವುಕಾರರ ಅಂಗಡಿಗೆ ಹೋಯಿತು.

ಮಗ್ಗ ಬಿಚ್ಚಿದ ಮೇಲೆ ಪಡಸಾಲೆ ನಮಗೇ ಗುರುತು ಹತ್ತದಷ್ಟು ದೊಡ್ಡದಾಗಿ ಕಂಡಿತು. ಕುಣಿಗೆ ಹಲಗೆ ಹಾಸಿದೆವು. ವೈನಿ ಸೀರೆಯ ನೆರಿಗೆ ಮೇಲೆ ಸಿಕ್ಕಿಸಿ ಕೆಲಸಕ್ಕೆ ಇಳಿದಳು. ಜಂತಿಯ ಮಸಿ, ಜೇಡರ ಬಲೆ ಎಲ್ಲ ತೆಗೆದಳು. ಸುಣ್ಣ ಕದಡಿ ಅದಕ್ಕೆ ಚೂರು ನೀಲಿ ಹಾಕಿ ಗೋಡೆಗೆ ಬಳಿದಳು, ಬುಡಕ್ಕೆ ಕೆಮ್ಮಣ್ಣಿನ ಪಟ್ಟಿ ಎಳೆದಳು. ನಾನೂ ಅಕ್ಕನೂ ಹುಣಸೆಹಣ್ಣು ಬೂದಿ ಹಚ್ಚಿ ಹಿತ್ತಾಳೆಯ ಕೊಡ, ತಂಬಿಗೆ, ತಾಟುಗಳನ್ನು ತಿಕ್ಕಿದೆವು. ಅವನ್ನೆಲ್ಲ ಗೋಡೆಯಲ್ಲಿ ದೀಪವಿಡುವ ಮಾಡದ ಕೆಳಗೆ ದೊಡ್ಡದರ ಮೇಲೆ ಸಣ್ಣದು ಬರುವ ಹಾಗೆ ಏರಿಸಿಟ್ಟದ್ದೂ ವೈನಿಯೇ. ಮಗ್ಗದಲ್ಲಿ ಉಳಿದ ಬಣ್ಣದ ನೂಲಿನ ತುಂಡುಗಳಿಂದ ಗೊಂಡೆ ಕಟ್ಟಿ ಬಾಗಿಲಿಗೆ ತೋರಣ ಮಾಡಿದಳು. ಬಾಜೂ ಮನೆಯಿಂದ ಜಮಖಾನೆ ಬಂತು, ನನ್ನ ಸಾಲಿಯ ಮಾಸ್ತರರ ಮನೆಯಿಂದ ಚಹಾಕ್ಕೆ ಚೀನಿ ಬಸಿ ಕಪ್ಪು ಬಂದವು.

ಸೋಮವಾರ ಬೆಳಿಗ್ಗೆ ಹೊಸ್ತಿಲಿಗೆ ರಂಗೋಲಿ ಹಾಕಬೇಕಾಯಿತು. ವೈನಿ ಹಿಟ್ಟಿನ ಬಟ್ಟಲು ನನ್ನ ಕೈಗೆ ಕೊಟ್ಟು ತಾನು ಬಾಗಿಲ ಒಳಗೆ ನಿಂತಳು. “ಬಲಕ್ಕ ಒಂದೆಳಿ ಎಳಿ. ಈಗ ಅದರ ಮ್ಯಾಲ ಕೂಡಸು. ಕೈ ನಡಗಸಬ್ಯಾಡ,” ಅನ್ನುತ್ತಿದ್ದಳು. ಅವಳೇ ಯಾಕೆ ಹಾಕುವುದಿಲ್ಲವೆಂದು ನಾನು ಕೇಳಲಿಲ್ಲ. ಅಷ್ಟು ನನಗೂ ತಿಳಿಯುತ್ತಿತ್ತು.

ಮುಧೋಳದ ಮೋಟಾರು ಬರುವ ಹೊತ್ತಿಗೆ ಅವಳು ಶಿರಾ ಮಾಡಿಟ್ಟು, ಅಕ್ಕನ ತಲೆ ಹಿಕ್ಕಿ ಹೆರಳು ಹಾಕಿ, ಹಿತ್ತಲಿನ ಕಟ್ಟಿಗೆ ಕೋಣೆಗೆ ಹೋಗಿ ಕೂತಳು. ಹೋಗೆಂದು ಅವ್ವ ಹೇಳಿರಲಿಲ್ಲ, ಬೇಡವೆಂದೂ ಅನ್ನಲಿಲ್ಲ.

ಬಂದವರು ಹುಡುಗ, ಹುಡುಗನ ತಂದೆ, ತಂದೆಯ ಅಕ್ಕ. ಆ ಮುದುಕಿಯ ಹಣೆ ಬರಿದಾಗಿತ್ತು, ಕೈಯಲ್ಲಿ ಬಳೆ ಇರಲಿಲ್ಲ. ಆದರೂ ಎಲ್ಲರಿಗಿಂತ ಮುಂದೆ ಒಳಗೆ ಬಂದವಳು ಅವಳೇ. ಅವ್ವ ಅವಳನ್ನು ನೋಡಿ ಒಂದು ಕ್ಷಣ ತಡವರಿಸಿದ್ದನ್ನು ನಾನು ಕಂಡೆ. ಮುದುಕಿ ಜಮಖಾನೆಯ ಮೇಲೆ ಕೂತಳು, ಕೆಳಗೆ ಹಲಗೆ ಅಲುಗಿತು. ಅವಳು ಬೆರಳ ಗಂಟಿನಿಂದ ತಟ್ಟಿ ನೋಡಿದಳು.

“ಬುಡಕ ಕುಣಿ ಐತೇನು?”

“ಹೌದ್ರಿ,” ಅಂದ ಅಪ್ಪ.

“ಯಾರ ಮಗ್ಗ ಇತ್ತು?”

“ನನ್ನ ಮಗಂದ್ರಿ. ಈಗ ಇಲ್ಲ ಅವ.”

ಗಂಡಿನ ತಂದೆ ತಲೆ ತಗ್ಗಿಸಿದ. ಮುದುಕಿ ಸುಣ್ಣದ ಗೋಡೆ, ಪಾತ್ರೆಗಳ ಸಾಲು, ತೋರಣ ಎಲ್ಲವನ್ನೂ ಸಾವಕಾಶ ನೋಡಿದಳು. “ಅವನ ಹೇಣ್ತಿ ತವರಿಗಿ ಹೋಗ್ಯಾಳೇನು?” ಎಂದು ಕೇಳಿದಳು.

“ಇಲ್ಲೇ ಅದಾಳ್ರಿ,” ಅಂದಳು ಅವ್ವ. “ಹಿತ್ತಲದಾಗ.”

“ಕರೀರಿ ಹಂಗಾರ.”

ಅವ್ವ ನಿಂತಲ್ಲೇ ನಿಂತಳು. ಆಮೇಲೆ ನನ್ನನ್ನು ಕಳಿಸದೆ ತಾನೇ ಹೋದಳು. ನಾನೂ ಹಿಂದೆ ಹೋದೆ. ವೈನಿ ಕಟ್ಟಿಗೆಯ ಪಕ್ಕದಲ್ಲಿ ಮೊಣಕಾಲ ಮೇಲೆ ಗಲ್ಲ ಇಟ್ಟು ಕೂತಿದ್ದಳು. ಉಗುರ ಸಂದಿಯಲ್ಲಿ ಇನ್ನೂ ಸುಣ್ಣವಿತ್ತು.

“ಬಾ,” ಅಂದಳು ಅವ್ವ.

“ಇವತ್ತೊಂದಿನ ಬ್ಯಾಡ್ರಿ ಅತ್ತಿ. ಕೆಲಸ ಕೆಟ್ಟೀತು.”

“ಕೆಟ್ಟರ ಕೆಡಲಿ. ಇಷ್ಟ ಮನಿ ಹಸನ ಮಾಡಿದಾಕಿ ನೀ. ಕಟಗಿ ಕ್ವಾಣ್ಯಾಗ ನೀ ಕುಂತರ ಒಳಗ ನಾ ಹ್ಯಾಂಗ ಕುಂಡ್ರಲಿ?” ಅವ್ವ ಬಗ್ಗಿ ವೈನಿಯ ರಟ್ಟೆ ಹಿಡಿದು ಎಬ್ಬಿಸಿದಳು. ಮಗ ಸತ್ತಾಗಿನಿಂದ ಅವಳು ಸೊಸೆಯ ಮೈ ಮುಟ್ಟಿದ್ದನ್ನು ನಾನು ನೋಡಿರಲಿಲ್ಲ.

ವೈನಿ ಬಂದು ಅಕ್ಕನ ಪಕ್ಕ ಕೂತಳು. ಮುದುಕಿ ಅವಳ ತವರೂರು ಕೇಳಿದಳು. ಬೀಳಗಿ ಎಂದು ತಿಳಿದ ಮೇಲೆ ಅಲ್ಲಿಯ ಮಳೆ ಬೆಳೆ ವಿಚಾರಿಸಿದಳು. ಆಮೇಲೆ, “ನನ್ನ ಗಂಡನೂ ನಾ ನಿನ್ನ ವಯಸ್ಸಿನ್ಯಾಗ ಇದ್ದಾಗ ಹೋದ,” ಅಂದಳು. “ಆವಾಗ ನಾನೂ ದನದ ಮನ್ಯಾಗ ಕುಂಡ್ರತಿದ್ದೆ. ಈ ತಮ್ಮ ದೊಡ್ಡಾವ ಆದ ಮ್ಯಾಲ ಅಲ್ಲಿ ಕುಂಡ್ರಾಕ ಬಿಡಲಿಲ್ಲ.” ಗಂಡಿನ ತಂದೆ ಚಹಾದ ಬಸಿ ಕೆಳಗಿಟ್ಟ. ಅಪ್ಪ ಗೋಡೆಯ ಕಡೆ ಮುಖ ಮಾಡಿ ಶಲ್ಯದಿಂದ ಕಣ್ಣು ಒರೆಸಿಕೊಂಡ.

ಆ ಸಂಬಂಧ ಕೂಡಲಿಲ್ಲ. ಹುಡುಗನಿಗೆ ಸೋದರಮಾವನ ಮಗಳನ್ನೇ ಗೊತ್ತು ಮಾಡಿದರೆಂದು ಕೆಲವು ವಾರಗಳಾದ ಮೇಲೆ ತಿಳಿಯಿತು. ಓಣಿಯ ಹೆಂಗಸರಲ್ಲಿ ಕೆಲವರು ಅವತ್ತು ವೈನಿಯನ್ನು ಮುಂದೆ ಕೂರಿಸಿದ್ದೇ ತಪ್ಪಾಯಿತೆಂದರು. ನೀರು ಸೇದುವಾಗ ಒಬ್ಬಳು ಅವ್ವನಿಗೆ ನೇರವಾಗಿ ಹಾಗೆ ಅಂದಳು. ಅವ್ವ ಕೊಡ ತುಂಬಿಕೊಂಡು ಬಂದಳು, ಮನೆಯಲ್ಲಿ ಆ ಮಾತು ಎತ್ತಲಿಲ್ಲ.

ಮುಂದಿನ ವರ್ಷ ಅಕ್ಕನನ್ನು ರಬಕವಿಗೆ ಕೊಟ್ಟೆವು. ಲಗ್ನದ ಹಿಂದಿನ ದಿನ ನೆಂಟರು ಬರತೊಡಗಿದಾಗ ಅವರಿಗೆ ಬಾಗಿಲಲ್ಲಿ ಕಾಲಿಗೆ ನೀರು ಕೊಟ್ಟು ಒಳಗೆ ಕರೆದವಳು ವೈನಿ. ಅವ್ವ ಅವಳ ಪಕ್ಕದಲ್ಲೇ ನಿಂತಿದ್ದಳು. ಒಬ್ಬಿಬ್ಬರು ನೀರು ಮುಟ್ಟದೆ ಒಳಗೆ ಹೋದರು. ಉಳಿದವರು ಕಾಲು ತೊಳೆದುಕೊಂಡರು.