ಕಟ್ ಎಂದ ಕಾಳು

ಹಳೆಯ ಪುಸ್ತಕಗಳನ್ನು ತುಂಬಿಟ್ಟಿದ್ದ ಗೋಣಿಚೀಲವನ್ನು ಹೋದ ವಾರ ಕೊಡವಿದೆ. ಮೂಲೆಯಿಂದ ನಾಲ್ಕಾರು ಕಾಫಿ ಕಾಳು ಉದುರಿದವು, ಜೊತೆಗೆ ಸೆಣಬಿನ ಮುಗ್ಗಲು ವಾಸನೆ. ರೈಟರು ನೆನಪಾದರು. ನೆನಪು ಎನ್ನುವುದಕ್ಕಿಂತ ಹಳೆಯ ಅನುಮಾನ ಎನ್ನಬೇಕು...

ಮೈಸೂರಿನಲ್ಲಿ ಎಂ.ಬಿ.ಎ. ಮುಗಿಸಿದ ನಾನು ಆಗ ಕುಶಾಲನಗರದಲ್ಲಿ ಕಾಫಿಯ ಸಿಪ್ಪೆ ತೆಗೆದು ವಿಂಗಡಿಸುವ ಕ್ಯೂರಿಂಗ್ ಘಟಕದ ಮ್ಯಾನೇಜರ್. ಅವರು ಸೋಮವಾರಪೇಟೆ ಕಡೆಯ ಎಸ್ಟೇಟಿನ ರೈಟರು, ಅಲ್ಲಿನ ಆಳುಕಾಳು ನೋಡಿಕೊಳ್ಳುವವರು. ಎರಡಕ್ಕೂ ಒಬ್ಬರೇ ಸಾಹುಕಾರರು. ಆದರೂ ಎಸ್ಟೇಟಿನ ಕಾಫಿ ನಮ್ಮಲ್ಲಿಗೆ ಬರಲು ಒಂದು ಒಳದರ ಗೊತ್ತುಮಾಡಬೇಕಿತ್ತು. ದರ ಏರಿದರೆ ಲಾಭ ಎಸ್ಟೇಟಿನದು, ಇಳಿದರೆ ನಮ್ಮದು. ಲಾಭ ಯಾವ ಕಡೆಯೋ ಯುಗಾದಿ ಬೋನಸ್ಸೂ ಆ ಕಡೆಯವರಿಗೇ.

ಮೊದಲ ವರ್ಷ ಸಾಹುಕಾರರು ನನ್ನೊಬ್ಬನನ್ನೇ ಕೂರಿಸಿಕೊಂಡು ಕಡಿಮೆ ದರ ನಿಗದಿ ಮಾಡಿ, ರೈಟರಿಗೆ ಫೋನಿನಲ್ಲಿ ತಿಳಿಸಿದರು. ಆ ಯುಗಾದಿಗೆ ಎಸ್ಟೇಟಿನ ಲೈನ್ ಮನೆಗಳ ಕೂಲಿಯವರಿಗೆ ಬೋನಸ್ ಇರಲಿಲ್ಲ.

ಮರುವರ್ಷ ರೈಟರು ಲಾರಿಯಲ್ಲೇ ಕೂತು ಬಂದರು. ಮೇಲಿನ ಚೀಲದಿಂದ ಒಂದು ಕಾಳು ತೆಗೆದು, ಸಿಪ್ಪೆ ಬಿಡಿಸಿ, ಸಾಹುಕಾರರ ಎದುರೇ ಕಚ್ಚಿದರು. ಒಣಗಿದ ಕಾಳು ಕಟ್ ಎನ್ನುತ್ತದೆ, ಹಸಿಯದು ಹಲ್ಲಿಗೆ ಮೆತ್ತಿಕೊಳ್ಳುತ್ತದೆ.

“ಕೇಳ್ತಾ ಸಾರ್? ತೇವ ನೋಡೋ ನಿಮ್ಮ ಮೀಟರಿಗಿಂತ ಜೋರಾಗೇ ಹೇಳ್ತದೆ.”

“ಕೆಳಗಿನ ಚೀಲದ್ದೂ ಕಚ್ಚಿ ರೈಟ್ರೇ,” ಎಂದೆ.

“ನಂಗಿರೋದೇ ನಾಕು ಹಲ್ಲು. ಎಲ್ಲಾ ಇಲ್ಲೇ ಸವೆಸ್ಲಾ?”

ಸಾಹುಕಾರರು ನಕ್ಕುಬಿಟ್ಟರು. ಆ ನಗುವಿನಲ್ಲೇ ದರ ಏರಿತು. ನಮ್ಮಲ್ಲಿ ಕಾಳು ಹೆಕ್ಕುವ ಹೆಂಗಸರ ಬೋನಸ್ ಹೋಯಿತು. ಸಂಜೆ ಕೆಳಗಿನ ಚೀಲಗಳನ್ನು ಬಿಚ್ಚಿಸಿದರೆ, ಎಲ್ಲ ಹಸಿ. ರೈಟರಿಗೆ ಫೋನ್ ಮಾಡಿ ರೇಗಿದೆ.

“ಹೋದ ವರ್ಷ ನನ್ನೂ ಕೂರಿಸಿ ಕೇಳಿದ್ರೆ, ಹಸಿನ ಹಸಿ ಅಂತಲೇ ಹೇಳ್ತಿದ್ದೆ ಸಾರ್,” ಎಂದರು. ದನಿಯಲ್ಲಿ ನಾಚಿಕೆಯಿರಲಿಲ್ಲ.

ಆ ಮಾತನ್ನು ಸಾಹುಕಾರರಿಗೆ ಮುಟ್ಟಿಸಿದೆ. ಮೂರನೆಯ ವರ್ಷ ಅವರು ಇಬ್ಬರನ್ನೂ ಎದುರುಬದುರು ಕೂರಿಸಿದರು. ಯಾರೂ ಕೇಳುವ ಮೊದಲೇ ರೈಟರು, “ಆ ಮೂಲೆಯ ನಾಕು ಚೀಲ ಹಸಿ ಇದಾವೆ, ಬೇರೆ ಇಡ್ಸಿ,” ಎಂದರು. ಅನ್ಯಾಯ ಕೆಡಿಸಿದ್ದ ಮನುಷ್ಯನನ್ನು ನ್ಯಾಯ ಸರಿಮಾಡಿತು ಎಂದು ನಂಬಬಹುದಿತ್ತು. ಆದರೆ ಆ ಮಾತು ಕೇಳಿದ ಮೇಲೆ ಸಾಹುಕಾರರು ಉಳಿದ ಚೀಲಗಳನ್ನು ನೋಡಲೇ ಇಲ್ಲ, ಒಳ್ಳೆಯ ದರವನ್ನೇ ಕೊಟ್ಟರು. ನಾಲ್ಕು ಚೀಲ ಹಸಿ ಎಂದು ಒಪ್ಪಿಕೊಂಡದ್ದು ಉಳಿದದ್ದನ್ನೆಲ್ಲ ದಾಟಿಸಲೋ?

ಆ ಸಂಜೆಯೂ ಉಳಿದ ಚೀಲ ಬಿಚ್ಚಿಸಿ ಒಂದು ಕಾಳು ಕಚ್ಚಿದ ನೆನಪಿದೆ. ಕಟ್ ಎಂದ ಸದ್ದೂ ಕಿವಿಯಲ್ಲಿದೆ. ಆದರೆ ಅದು ನನ್ನ ಹಲ್ಲಿನದೋ, ಹಿಂದಿನ ವರ್ಷದ ಅವರ ಹಲ್ಲಿನದೋ...

ರೈಟರು ಹೋದ ಮಳೆಗಾಲದಲ್ಲಿ ತೀರಿಕೊಂಡರಂತೆ. ನನಗೆ ತಿಳಿದದ್ದು ತಡವಾಗಿ.

ಪುಸ್ತಕ ತುಂಬಿದ್ದ ಗೋಣಿಚೀಲ ಆ ಮೂರನೆಯ ವರ್ಷ ಎಸ್ಟೇಟಿನಿಂದ ಬಂದದ್ದು. ಅದರಿಂದ ಉದುರಿದ ಕಾಳೊಂದನ್ನು ಕಚ್ಚಿ ನೋಡಿದೆ. ಹಲ್ಲಿಗೆ ಮೆತ್ತಿಕೊಂಡಿತು. ಬಂದಾಗಲೇ ಹಸಿಯಿತ್ತೋ, ನನ್ನ ಮನೆಯ ಮೂಲೆಯಲ್ಲಿ ಬಿದ್ದು ಹೀಗಾಯಿತೋ? ಕೇಳಬಹುದಾಗಿದ್ದದ್ದು ಅವರೊಬ್ಬರನ್ನೇ. ಅವರು ಹೇಳಿದ್ದರೂ ನಾನು ನಂಬುತ್ತಿರಲಿಲ್ಲ. ಆದರೂ ಕೇಳಬೇಕೆನಿಸಿತು.