ವೆನಿಸ್ಸಿನ ಬೀಗ, ನಮ್ಮ ಹುಳುಮನೆ

ಎರಡು ಸಾವಿರದ ಇಸವಿ ದಾಟಿ ಐದಾರು ವರ್ಷವಾಗಿತ್ತು. ಚಿಂತಾಮಣಿಯ ಖಾಸಗಿ ಕಾಲೇಜೊಂದರಲ್ಲಿ ಇತಿಹಾಸದ ಉಪನ್ಯಾಸಕಿ ಕೆಲಸಕ್ಕೆ ನಾನು ಡೆಮೊ ಕ್ಲಾಸ್ ಕೊಡಬೇಕಿತ್ತು. ಮೂರು ಕಾಲೇಜುಗಳು ಆಗಲೇ ಬೇಡವೆಂದಿದ್ದವು. ಇದೂ ತಪ್ಪಿದರೆ ದಿಬ್ಬೂರಹಳ್ಳಿಯ ಮನೆಯಲ್ಲಿ ಹಿಪ್ಪುನೇರಳೆ ಸೊಪ್ಪು ಕೊಯ್ದುಕೊಂಡಿರು ಎಂದು ಅಪ್ಪ ಹೇಳಿಯಾಗಿತ್ತು. ಸೊಪ್ಪು ಕೊಯ್ಯುವುದಕ್ಕೆ ಎಂ.ಎ. ಯಾಕೆ ಮಾಡಬೇಕಿತ್ತು, ಹೇಳಿ!

ಕೊಟ್ಟ ಪಾಠ, ನಾನೂರೈನೂರು ವರ್ಷ ಹಿಂದಿನ ಯುರೋಪಿನ ಯಹೂದಿಗಳು ಮತ್ತು ಕ್ರೈಸ್ತರು. ವೆನಿಸ್ಸಿನಲ್ಲಿ ಯಹೂದಿಗಳಿಗೆ ಬೇರೆ ಕೇರಿ, ಕತ್ತಲಾದರೆ ಅದಕ್ಕೆ ಬೀಗ. ಯಹೂದಿ ವೈದ್ಯರ ಹತ್ತಿರ ಹೋಗಬೇಡಿ ಎಂದು ಚರ್ಚು ಹೇಳುತ್ತಿತ್ತು. ಕಾಯಿಲೆ ಬಿದ್ದ ಕ್ರೈಸ್ತರು ಅವರನ್ನೇ ಕರೆಸುತ್ತಿದ್ದರು. ನಾನು ಗಿಣಿಪಾಠ ಒಪ್ಪಿಸುತ್ತಿದ್ದೆ, ಮಕ್ಕಳು ಆಕಳಿಸುತ್ತಿದ್ದರು. ಹಿಂದೆ ಕೂತಿದ್ದ ಪ್ರಿನ್ಸಿಪಾಲರು ಗಡಿಯಾರ ನೋಡಿಕೊಂಡರು.

ಮುಂದಿನ ಸಾಲಿನ ಹುಡುಗಿ ಎದ್ದಳು. "ಬೇಡ ಅಂದ್ಮೇಲೆ ಯಾಕ್ ಮೇಡಂ ಕರೀತಿದ್ರು?"

ನೋಟ್ಸನ್ನು ಮೇಜಿನ ಮೇಲೆ ಕುಕ್ಕಿದೆ. "ನಿಮ್ಮನೇಲಿ ರೇಷ್ಮೆ ಹುಳ ಸಾಕ್ತಾರೇನ್ರಪ್ಪ? ಹುಳುಮನೆ ಒಳಕ್ಕೆ ಹೊರಗಿನವರನ್ನ ಬಿಡ್ತೀರಾ?"

"ಇಲ್ಲ ಮೇಡಂ, ಹುಳಕ್ಕೆ ರೋಗ ತಗಲುತ್ತೆ!"

"ಹುಳ ಹಣ್ಣಾದ ದಿನ?"

ಇಡೀ ಕ್ಲಾಸು ನಕ್ಕಿತು. ಬೆಳೆದು ಹಣ್ಣಾದ ಹುಳ ಗೂಡು ಕಟ್ಟಲು ಕಾಯುವುದಿಲ್ಲ. ಆರಿಸಿ, ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗೆ ಬಿಡಲು ಸಿಕ್ಕವರೆಲ್ಲ ಬೇಕು. ನಮ್ಮ ಪಕ್ಕದ ಮುಸ್ಲಿಮರ ಮನೆಯ ಅಕ್ಕನ ವಿಷಯವನ್ನೂ ಮಕ್ಕಳಿಗೆ ಹೇಳಿದೆ: ಆಕೆ ನಮ್ಮಲ್ಲಿಗೆ ಬರುತ್ತಿದ್ದುದು ಆ ಒಂದು ದಿನ ಮಾತ್ರ. ಮಾರನೇ ದಿನ ಮತ್ತೆ ಹೊಸ್ತಿಲಾಚೆ.

"ನಮ್ಮಲ್ಲಿ ಬೀಗ ಇಲ್ಲ, ಅಷ್ಟೇ," ಎಂದೆ. "ಬೇಕಾದಾಗ ಒಳಗೆ, ಬೇಡವಾದಾಗ ಹೊರಗೆ. ಅಲ್ಲೂ ಇದೇ ಕಣ್ರಪ್ಪ."

ಅದೇ ಹುಡುಗಿ ಕೇಳಿದಳು: "ಆ ಅಕ್ಕಂಗೆ ನಿಮ್ಮನೇಲಿ ಟೀ ಯಾವ ಲೋಟದಲ್ಲಿ ಕೊಡ್ತೀರಾ ಮೇಡಂ?"

ಪ್ರಿನ್ಸಿಪಾಲರದೂ ನಮ್ಮಂಥದೇ ಮನೆತನ, ನಿಜ ಹೇಳಿದರೆ ಅವರಿಗೂ ಚುಚ್ಚುತ್ತಿತ್ತು. ಸುಳ್ಳು ನಾಲಿಗೆಯ ತುದಿಯವರೆಗೆ ಬಂದಿತ್ತು.

"ಬೇರೆ ಲೋಟ ಕಣಮ್ಮ. ನಾನೇ ಎಷ್ಟೋ ಸಲ ಕೊಟ್ಟಿದ್ದೀನಿ. ತಪ್ಪು ನಂದೇ."

ನಾಚಿಕೆಯಿಂದ ಮುಖ ಉರಿಯಿತು. ಹೋಯಿತು ಕೆಲಸ ಅಂದುಕೊಂಡೆ.

ಪ್ರಿನ್ಸಿಪಾಲರು ಎದ್ದು ಬಂದರು. "ಇಷ್ಟು ವರ್ಷ ಈ ಪಾಠ ನಾನೇ ಮಾಡಿದ್ದೀನಮ್ಮ. ಒಂದು ಮಗೂನೂ ಹೀಗೆ ಪ್ರಶ್ನೆ ಕೇಳಿರ್ಲಿಲ್ಲ. ಸೋಮವಾರದಿಂದ ಬಂದ್ಬಿಡಿ."

ಗೆದ್ದೆ! ಬಸ್ಸಿನಲ್ಲಿ ಸೀಟು ಸಿಕ್ಕಿದರೂ ಕೂರಲಾಗಲಿಲ್ಲ, ಅಷ್ಟು ಖುಷಿ. ಮನೆಗೆ ಬಂದು, ಲೋಟದ ಮಾತನ್ನೂ ಬಿಡದೆ, ಅಪ್ಪನಿಗೆ ಎಲ್ಲ ಹೇಳಿದೆ.

"ಮನೆ ಮಾನ ಬೀದಿಗೆ ಹಾಕಿದ್ಯಲ್ಲೇ!" ಎಂದರು.

"ಹಾಕ್ದೆ ಕಣಪ್ಪ," ಎಂದೆ. "ಅದಕ್ಕೇ ಕೆಲಸ ಸಿಕ್ತು."